ಸಾಲ್ಹಾ ಕಲಿಸಿದ ‘ಬೇಡ’

ಮಗುವಿಗೆ ‘ಟ್ಚ್’ ಅನ್ನಲು ಕಲಿಸಿದ್ದು ಅದರ ಅಜ್ಜನ ಅಕ್ಕ ಶೆಲ್ಬಿಯಾ. ಇದರಲ್ಲಿ ಯಾರಿಗೂ ಅನುಮಾನ ಬೇಕಿಲ್ಲ, ಊರೆಲ್ಲ ಹೇಳಿಕೊಂಡು ಬಂದವಳೂ ಅವಳೇ. ಒಂದೂವರೆ ವರ್ಷದ ಕೂಸು, ನೀರು ಬೇಕಾದರೆ ಇನ್ನೂ ಬೆರಳು ತೋರಿಸುತ್ತದೆ. ಆದರೆ ಗದ್ದ ಮೇಲೆತ್ತಿ, ಹುಬ್ಬು ಏರಿಸಿ, ನಾಲಿಗೆಯನ್ನು ಹಲ್ಲಿಗೆ ತಾಗಿಸಿ ‘ಟ್ಚ್’ ಎನ್ನುವುದು ಮಾತ್ರ ಚೆನ್ನಾಗಿ ಬಂದುಬಿಟ್ಟಿತು. ಜೆರ್ಬಾ ದ್ವೀಪದಲ್ಲಿ ಇದಕ್ಕಿಂತ ಖಡಾಖಂಡಿತವಾದ ನಿರಾಕರಣೆ ಇನ್ನೊಂದಿಲ್ಲ. ಬಾಯಿಬಿಟ್ಟು ಬೇಡ ಎಂದವನ ಹತ್ತಿರ ಇನ್ನೂ ವಾದ ಮಾಡಬಹುದು, ಟ್ಚ್ ಎಂದವನ ಹತ್ತಿರ ಮಾತೇ ಇಲ್ಲ.

ಭಾನುವಾರ ಮಧ್ಯಾಹ್ನ ಮನೆಮಂದಿ ಕುಸ್ಕುಸ್ ಉಂಡು ಅಂಗಳದ ಕಮಾನಿನ ನೆರಳಲ್ಲಿ ಕೂತಿದ್ದಾಗ ಶೆಲ್ಬಿಯಾ ತನ್ನ ಶಿಷ್ಯನನ್ನು ಪ್ರದರ್ಶನಕ್ಕಿಟ್ಟಳು.

“ಸೀದಿ, ಸಾಲ್ಹಾ ಕೇಳ್ತಿದಾಳೆ ನೋಡು. ಅವಳು ಪೇಟೆಗೆ ಹೋಗ್ಬಹುದಾ?”

“ಟ್ಚ್.”

“ತೌರಿಗೆ ಹೋಗ್ಬಹುದಾ?”

“ಟ್ಚ್.”

“ಅಯ್ಯೋ ನನ್ನಪ್ಪಾ! ಥೇಟ್ ನನ್ನ ತಮ್ಮ! ಥೇಟ್ ಯೂನುಸ್!” ಶೆಲ್ಬಿಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಗುವಿನ ಅಪ್ಪ ಫರ್ಹಾತ್ ತೊಡೆ ತಟ್ಟಿಕೊಂಡು ನಕ್ಕ. ಅವನ ಹೆಂಡತಿ ಉಲ್ಫಾ ನಗಲು ಹೋದವಳು ಅತ್ತೆ ಸಾಲ್ಹಾಳ ಮುಖ ನೋಡಿ ಅರ್ಧಕ್ಕೇ ನಿಲ್ಲಿಸಿದಳು. ಮಗುವಿನ ಬಾಯಿಗೆ ಖರ್ಜೂರ ಬಿತ್ತು.

ಮಗುವಿನ ಅಜ್ಜಿ ಸಾಲ್ಹಾ ಪರಾತ ಎತ್ತಿಕೊಂಡು ಅಡುಗೆಮನೆಗೆ ನಡೆದಳು. ಮೈಯೆಲ್ಲ ಉರಿಯುತ್ತಿತ್ತು. ಅವಳ ಗಂಡ ಯೂನುಸ್‌ನನ್ನು ಮಣ್ಣು ಮಾಡಿಬಂದು ವರ್ಷಗಳಾಗಿದ್ದವು. ಸತ್ತವನು ಸುಮ್ಮನೆ ಮಲಗಿರಬಾರದೇ? ಮೊಮ್ಮಗನ ನಾಲಿಗೆ ಕಡ ತೆಗೆದುಕೊಂಡು ಬಂದು ಇವಳ ತೌರಿನ ದಾರಿಗೆ ಅಡ್ಡ ನಿಲ್ಲಬೇಕೇ? ಅದಕ್ಕೆ ಮನೆಮಂದಿಯೆಲ್ಲ ಚಪ್ಪಾಳೆ ತಟ್ಟಬೇಕೇ?

ಯೂನುಸ್ ಒಳ್ಳೆಯವನು ಎಂದು ಊರು ಹೇಳುತ್ತದೆ. ಊರಿಗೇನು ಹೋಗುತ್ತದೆ, ಹೇಳುತ್ತದೆ. ದ್ವೀಪದ ಎಷ್ಟೋ ಗಂಡಸರಂತೆ ಅವನೂ ಟ್ಯೂನಿಸ್‌ನಲ್ಲಿ ದಿನಸಿ ಅಂಗಡಿ ಇಟ್ಟವನು. ವರ್ಷದ ಬಹುಪಾಲು ಅಂಗಡಿಯ ಅಟ್ಟದಲ್ಲೇ ಮಲಗಿ, ಬೇಸಿಗೆಯಲ್ಲಿ ಮಾತ್ರ ಮನೆಗೆ ಬರುತ್ತಿದ್ದ. ಗಿರಾಕಿಗೆ ಒಮ್ಮೆಯೂ ಇಲ್ಲ ಎನ್ನದ ಅಂಗಡಿಕಾರ ಎಂದು ಹೆಸರಾಗಿದ್ದ. ಅಲ್ಲಿ ಉಳಿಸಿದ ಇಲ್ಲಗಳನ್ನೆಲ್ಲ ಗಂಟುಕಟ್ಟಿ ಮನೆಗೆ ತರುತ್ತಿದ್ದ.

ಮದುವೆಯಾಗಿ ಬಂದ ಹೊಸತರಲ್ಲಿ ಸಾಲ್ಹಾಗೆ ಊರ ಹೆಣ್ಣುಮಕ್ಕಳಿಗೆ ಹೊಲಿಗೆ ಹೇಳಿಕೊಡುವ ಕೆಲಸ ಸಿಗುವುದರಲ್ಲಿತ್ತು. ಟ್ಚ್. ತಾನು ನೂತ ಉಣ್ಣೆಯನ್ನು ಪೇಟೆಯಲ್ಲಿ ತಾನೇ ಮಾರುತ್ತೇನೆಂದಳು. ಟ್ಚ್. ಸಮುದ್ರದಾಚೆ ಝರ್ಜೀಸ್‌ನಲ್ಲಿ ಅವಳ ತಾಯಿ ಹಾಸಿಗೆ ಹಿಡಿದಾಗ, ಹೋಗಿ ಬರಲೇ ಎಂದು ನೆರೆಮನೆಯಿಂದ ಟೆಲಿಫೋನ್ ಮಾಡಿ ಕೇಳಿದಳು. ಟೆಲಿಫೋನಿನಲ್ಲಿ ಗದ್ದ ಮೇಲೆತ್ತಿದ್ದು ಕಾಣುವುದಿಲ್ಲ, ಆದರೆ ಆ ಸದ್ದು ಚೆನ್ನಾಗಿ ಕೇಳಿಸುತ್ತದೆ. ಬೇಸಿಗೆಗೆ ತಾನು ಬಂದಮೇಲೆ ಹೋದರಾಯಿತು ಎಂದ. ತಾಯಿ ಬೇಸಿಗೆಯವರೆಗೆ ಕಾಯಲಿಲ್ಲ.

ಇಷ್ಟಾದರೂ ಸಾಲ್ಹಾ ಅವನಿಗೆ ಒಂದು ದಿನವೂ ಎದುರು ಹೇಳಿದವಳಲ್ಲ. ಎದುರು ಹೇಳುವುದಿರಲಿ, ಅವನ ಹೆಸರನ್ನೇ ಬಾಯಲ್ಲಿ ತಂದವಳಲ್ಲ. ಅವಳ ಕಾಲದ ಹೆಂಗಸರು ಗಂಡನನ್ನು ‘ಅವರು’ ಎನ್ನುತ್ತಿದ್ದರು. ಅಷ್ಟರಲ್ಲೇ ಸಂಸಾರ ಮುಗಿಯುತ್ತಿತ್ತು.

ಅವಳು ನುಂಗಿಕೊಂಡ ಮಾತುಗಳಲ್ಲಿ ಒಂದು ಮಾತ್ರ ಗಂಟಲಿನಿಂದ ಕೆಳಗಿಳಿಯಲೇ ಇಲ್ಲ. ನದಿಯಿಲ್ಲದ ಆ ದ್ವೀಪದಲ್ಲಿ ಪ್ರತಿ ಮನೆಯ ಅಂಗಳದಡಿಯೂ ಮಳೆನೀರಿನ ತೊಟ್ಟಿ ಇರುತ್ತದೆ, ಆಳುದ್ದಕ್ಕಿಂತ ಹೆಚ್ಚು ಆಳ. ಈ ಮನೆಯ ತೊಟ್ಟಿಯ ಬಾಯಿಗೆ ಗೇಣೆತ್ತರದ ಕಟ್ಟೆ, ಮೇಲೊಂದು ಮರದ ಮುಚ್ಚಳ. ಹಿಂದೊಮ್ಮೆ ನೀರು ಸೇದಿದವರು ಯಾರೋ ಮುಚ್ಚಳ ಹಾಕುವುದು ಮರೆತರು. ಅವಳ ಹಿರಿಮಗಳು ಸಬೀಹಾ, ಆಗ ಈ ಮಗುವಿನಷ್ಟೇ ಇದ್ದವಳು, ಒಳಕ್ಕೆ ಬಿದ್ದಳು. ಪಕ್ಕದ ಮನೆಯವನು ಇಳಿದು ಎತ್ತಿದ. ಜೀವ ಉಳಿಯಿತು, ಮುರಿದ ಮೊಣಕೈ ಮಾತ್ರ ಮತ್ತೆ ನೆಟ್ಟಗಾಗಲಿಲ್ಲ. ಇವತ್ತಿಗೂ ಸ್ಫಾಕ್ಸ್‌ನಲ್ಲಿ ಗಂಡನ ಮನೆಯಲ್ಲಿರುವ ಸಬೀಹಾ ಎಡಗೈಯಲ್ಲಿ ತಲೆ ಬಾಚಿಕೊಳ್ಳಲಾರಳು.

ಆ ಬೇಸಿಗೆ ಸಾಲ್ಹಾ ಗಂಡನ ಮುಂದೆ ನಿಂತು, ತೊಟ್ಟಿಯ ಬಾಯಿಗೊಂದು ಕಬ್ಬಿಣದ ಜಾಲರಿ, ಅದಕ್ಕೊಂದು ಬೀಗ ಹಾಕಿಸಿಕೊಡಿ ಎಂದು ಕೇಳಿದಳು.

“ನೀರಿಗೆ ಬೀಗ ಹಾಕಿದ್ರೆ ಮನೆ ಬರಕತ್ತು ಹೋಗ್ತದೆ,” ಎಂದ ಅವನು. “ಬಾಯಾರಿ ಬಂದ ದಾರಿಹೋಕನ ಮುಂದೆ ಬೀಗದಕೈ ಹುಡುಕ್ತಾ ಕೂತ್ಕೋತೀಯಾ?” ಆಮೇಲೆ ಗದ್ದ ಎತ್ತಿ ಟ್ಚ್ ಎಂದ. ಮಗಳ ಕೈ ಸೊಟ್ಟಗಾಯಿತು, ಬರಕತ್ತು ನೆಟ್ಟಗೆ ಉಳಿಯಿತು.

ಅವನು ಸತ್ತಮೇಲೆ ಹುಟ್ಟಿದ ಮೊದಲ ಮೊಮ್ಮಗನಿಗೆ ಅವನ ಹೆಸರನ್ನೇ ಇಟ್ಟರು. ಅದು ಪದ್ಧತಿ, ಅದಕ್ಕೆ ಸಾಲ್ಹಾಳ ತಕರಾರಿರಲಿಲ್ಲ. ಆದರೆ ಹಿರಿಯರ ಹೆಸರು ಹೊತ್ತ ಮಗುವನ್ನು ಬರಿ ಹೆಸರಿನಲ್ಲಿ ಕರೆಯಬಾರದು, ಗದರಿಸಬಾರದು, ಗದರಿಸಿದರೆ ಸತ್ತವರನ್ನೇ ಗದರಿಸಿದ ಹಾಗೆ ಎಂದು ಶೆಲ್ಬಿಯಾ ಕಾನೂನು ಹೊರಡಿಸಿದಳು. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದ ಅಕ್ಕ ಅವಳು. ಮಕ್ಕಳಿಲ್ಲ, ಗಂಡ ಹೋಗಿ ಎಷ್ಟೋ ಕಾಲವಾಯಿತು, ವಾಸ ಪಕ್ಕದ ಮನೆಯಲ್ಲಿ. ತಮ್ಮ ಸತ್ತಾಗ ಗೋಡೆಗೆ ತಲೆ ಚಚ್ಚಿಕೊಂಡವಳು ಮಗುವಿನ ಮುಖದಲ್ಲಿ ಅವನ ಮೂಗು ಕಂಡಿದ್ದೇ ತಡ, ಎದ್ದು ಕೂತಳು. ಮಗು ‘ಸೀದಿ’ ಆಯಿತು. ಸೀದಿ ಎಂದರೆ ಒಡೆಯ. ಇನ್ನೂ ಚಡ್ಡಿಯಲ್ಲೇ ಒಂದು-ಎರಡು ಎಲ್ಲ ಮಾಡಿಕೊಳ್ಳುವ ಒಡೆಯ.

ಒಡೆಯ ಚಹಾದ ಲೋಟ ಎಸೆದರೆ “ಸೀದಿಗೆ ಚಹಾ ರುಚಿಸಲಿಲ್ಲ” ಎಂದು ನಗು. ಒಡೆಯ ತೊಟ್ಟಿಯ ಮುಚ್ಚಳದ ಮೇಲೆ ಹತ್ತಿ ಕುಣಿದರೆ “ತನ್ನ ನೀರು ತಾನೇ ನೋಡ್ಕೊಳ್ತಾನೆ” ಎಂದು ಇನ್ನೂ ದೊಡ್ಡ ನಗು. ಉಲ್ಫಾ ಇಡೀ ದಿನ ಪ್ರವಾಸಿಗರ ಹೋಟೆಲೊಂದರ ಲಾಂಡ್ರಿಯಲ್ಲಿ ಬೆವರು ಸುರಿಸಿ ಸಂಜೆ ಬರುವವಳು. ಸಿಗುವ ಒಂದು ಗಳಿಗೆಯಲ್ಲಿ ಮಗುವನ್ನು ಅಳಿಸಲು ಅವಳಿಗೆ ಮನಸ್ಸಿಲ್ಲ. “ಬೇಡ ಕಂದಾ, ಬೇಡ ಬೇಡ ಬೇಡ” ಎಂದು ನಗುತ್ತಲೇ ಹೇಳಿ, ಕೇಳಿದ್ದನ್ನು ಕೈಗೆ ಕೊಡುತ್ತಿದ್ದಳು. ಟ್ಯಾಕ್ಸಿ ಓಡಿಸಿ ಸುಸ್ತಾಗಿ ಬರುವ ಫರ್ಹಾತ್ ಅಷ್ಟೂ ಹೇಳುತ್ತಿರಲಿಲ್ಲ. ಮಗುವಿನ ಲೆಕ್ಕದಲ್ಲಿ ಬೇಡ ಎಂದರೆ ಇನ್ನೇನು ಸಿಗುತ್ತದೆ ಎಂದು ಅರ್ಥ.

ಹಗಲೆಲ್ಲ ಮಗು ಸಾಲ್ಹಾಳ ಕೈಯಲ್ಲಿ. ಅವಳು ಯಾರ ಅಪ್ಪಣೆಯನ್ನೂ ಕೇಳದೆ ಪಾಠ ಶುರು ಮಾಡಿದಳು. ಚಹಾ ಕುದಿಯುವ ಅಗ್ಗಿಷ್ಟಿಕೆಯ ಮುಂದೆ ಕೂತರೆ ಮಗು ಕೆಂಡಕ್ಕೆ ಕೈ ಚಾಚುತ್ತದೆ, ಚಾಚಿ, ತಿರುಗಿ ಇವಳ ಮುಖ ನೋಡುತ್ತದೆ. ಆ ನೋಟದಲ್ಲೇ ಎಲ್ಲ ಇದೆ ಎಂದು ಅವಳಿಗೆ ಗೊತ್ತಿತ್ತು. ಮುಖದಲ್ಲಿ ಒಂದೆಳೆ ನಗು ಕಂಡರೂ ಕೆಲಸ ಕೆಟ್ಟಿತು. ಅವಳು ನಗುತ್ತಿರಲಿಲ್ಲ, ಕೂಗುತ್ತಲೂ ಇರಲಿಲ್ಲ. ಬಗ್ಗಿ, ಕಣ್ಣಲ್ಲಿ ಕಣ್ಣಿಟ್ಟು, ಒಂದೇ ಸಲ “ಬೇಡ” ಎನ್ನುತ್ತಿದ್ದಳು. ಕೈ ಹಿಡಿದು ಹಿಂದಕ್ಕೆ ತರುತ್ತಿದ್ದಳು. ಮಗು ಮತ್ತೆ ಚಾಚುತ್ತಿತ್ತು, ಮತ್ತೆ ಅದೇ ಮಾತು, ಅದೇ ದನಿ, ಅದೇ ಮುಖ. ಕೈ ತಾನಾಗಿ ಹಿಂದೆ ಬಂದ ದಿನ “ಜಾಣ” ಎಂದು ಖರ್ಜೂರದ ಚೂರು ಬಾಯಿಗಿಟ್ಟಳು. ಸಿಕ್ಕಸಿಕ್ಕದ್ದಕ್ಕೆಲ್ಲ ಆ ಮಾತನ್ನು ಖರ್ಚು ಮಾಡಲಿಲ್ಲ. ಮಣ್ಣು ತಿಂದರೆ ಬಾಯಿ ಒರೆಸಿದಳು, ಅಷ್ಟೆ. ಬೇಡ ಎನ್ನುವುದು ಕೆಂಡಕ್ಕೆ, ಕತ್ತಿಗೆ, ತೊಟ್ಟಿಗೆ.

ಮಗು ಕಲಿಯಿತು. ಸಂಜೆಯಾಗುತ್ತಲೂ ಶೆಲ್ಬಿಯಾ ಬಂದು ಕಲಿತದ್ದನ್ನೆಲ್ಲ ಕಲಸುಮೇಲೋಗರ ಮಾಡುತ್ತಿದ್ದಳು.

“ಏನೇ ಸಾಲ್ಹಾ, ನನ್ನ ತಮ್ಮನಿಗೇ ಬೇಡ ಅಂತೀಯಂತೆ? ಅವನು ಬದುಕಿದ್ದಾಗ ಬಾಯಿ ಇರಲಿಲ್ಲ, ಈಗ ಬಂತಾ?”

“ಲಲ್ಲಾ, ಅದು ಮಗು. ನಿಮ್ಮ ತಮ್ಮ ಅಲ್ಲ.” ಹಿರಿಯ ಹೆಂಗಸರನ್ನು ಲಲ್ಲಾ ಎನ್ನುವುದು ಅಲ್ಲಿನ ಮರ್ಯಾದೆ.

“ಆ ಮೂಗು ನೋಡಿ ಹೇಳು!”

ಮೂಗು ನೋಡಿದರೆ ತೊಟ್ಟಿಗೆ ಬಿದ್ದವರು ಮೇಲೆ ಬರುತ್ತಾರೆಯೇ? ಈ ಪ್ರಶ್ನೆಯನ್ನು ಸಾಲ್ಹಾ ಕೇಳಲಿಲ್ಲ. ಗಂಡನ ಅಕ್ಕನಿಗೆ ಹಾಗೆಲ್ಲ ಕೇಳಿ ಅವಳಿಗೆ ಅಭ್ಯಾಸವಿರಲಿಲ್ಲ. ಬದಲಿಗೆ ಮಗನನ್ನು ಹಿಡಿದಳು.

“ಫರ್ಹಾತ್, ತೊಟ್ಟಿಗೆ ಜಾಲರಿ ಹಾಕ್ಸೋ. ಮಗು ದಿನಾ ಅಲ್ಲೇ ಹೋಗ್ತದೆ.”

“ಅಪ್ಪ ಬೇಡ ಅಂದಿದ್ರಲ್ಲಮ್ಮ.”

“ಅಪ್ಪ ಸತ್ತಿದಾರೆ ಕಣೋ.”

“ಅದಕ್ಕೇ ಅಮ್ಮ. ಬದುಕಿದ್ದಿದ್ರೆ ಇನ್ನೊಂದ್ಸಲ ಕೇಳಬಹುದಿತ್ತು.”

ಬದುಕಿದ್ದವನ ಟ್ಚ್ ಬೇಸಿಗೆಗೊಮ್ಮೆ ಬರುತ್ತಿತ್ತು, ಸತ್ತವನದು ಮನೆಯಲ್ಲೇ ಬೀಡುಬಿಟ್ಟಿತು. ಸಾಲ್ಹಾ ಹಲ್ಲು ಕಚ್ಚಿಕೊಂಡು ಮತ್ತೆ ಅಗ್ಗಿಷ್ಟಿಕೆಯ ಮುಂದೆ ಕೂತಳು. ಜಾಲರಿ ಕೊಡದಿದ್ದರೆ ಬೇಡ. ಆ ಒಂದು ಮಾತನ್ನಾದರೂ ಮಗುವಿನ ತಲೆಗೆ ಹೊಗಿಸಿಯೇ ಸಿದ್ಧ ಎಂದುಕೊಂಡಳು.

ಅಕ್ಟೋಬರ್ ಬಂತು. ಮೊದಲ ಮಳೆಗೆ ಮುಂಚೆ ತಾರಸಿ, ಅಂಗಳ ಎಲ್ಲ ಗುಡಿಸಿ ಸುಣ್ಣ ಬಳಿಯಬೇಕು, ತೊಟ್ಟಿಯ ತಳ ಬಾಚಬೇಕು, ಇಲ್ಲದಿದ್ದರೆ ವರ್ಷವಿಡೀ ಧೂಳು ಕುಡಿಯಬೇಕಾಗುತ್ತದೆ. ಒಂದು ಭಾನುವಾರ ಬೆಳಿಗ್ಗೆ ಫರ್ಹಾತ್ ಮುಚ್ಚಳ ತೆಗೆದು ಗೋಡೆಗೆ ಒರಗಿಸಿ, ಏಣಿ ಇಳಿಸಿ ಒಳಗೆ ಹೋದ. ಕೆಸರು ಬಾಚುತ್ತಾ ಅಲ್ಲಿಂದಲೇ “ಸೀದೀ!” ಎಂದು ಕೂಗಿದ. ದನಿ ಗುಂಯ್ ಎಂದು ಮೇಲೆ ಬಂತು. ಉಲ್ಫಾ ಮಗುವನ್ನು ಗಟ್ಟಿಯಾಗಿ ಹಿಡಿದು ಬಗ್ಗಿಸಿ ತೋರಿಸಿದಳು. ನೆಲದೊಳಗೆ ಅಪ್ಪ! ಮಗು ಕೇಕೆ ಹಾಕಿತು.

ಮಧ್ಯಾಹ್ನದ ಹೊತ್ತಿಗೆ ಸುಣ್ಣ ಮುಗಿಯುತ್ತ ಬಂತು. ಫರ್ಹಾತ್ ಏಣಿ ಮೇಲೆಳೆದು, “ಈಗ ಬಂದೆ” ಎಂದು ಟ್ಯಾಕ್ಸಿ ಹತ್ತಿ ಸುಣ್ಣ ತರಲು ಹೋದ. ಈಗ ಬರುವವನಾದ್ದರಿಂದ ಮುಚ್ಚಳ ಹಾಕಲಿಲ್ಲ. ಪೇಟೆಯಲ್ಲಿ ಗೆಳೆಯರು ಸಿಕ್ಕರು, ಕಾಫಿ ಕುಡಿದ.

ಸಾಲ್ಹಾ ಉಳಿದ ಸುಣ್ಣದ ಬಕೆಟ್ಟು ಹಿಡಿದು ತಾರಸಿ ಹತ್ತಿದ್ದಳು. ಮಂಡಿನೋವಿನ ಶೆಲ್ಬಿಯಾ ಮೇಲುಸ್ತುವಾರಿಗೆಂದು ತನ್ನ ಇಬ್ಬರು ಗೆಳತಿಯರನ್ನೂ ಕರೆದುಕೊಂಡು ಬಂದು ಕಮಾನಿನ ಕೆಳಗೆ ಚಹಾ ಹೀರುತ್ತ ಕೂತಿದ್ದಳು. ಉಲ್ಫಾ ಮಗುವನ್ನು ಅವರ ಮುಂದೆ ಬಿಟ್ಟು ಅಡುಗೆಮನೆಯಲ್ಲಿ ಬೆಂದ ಕುಸ್ಕುಸ್ ಉದುರುದುರು ಮಾಡುತ್ತಿದ್ದಳು. ಗೋಡೆ ಬಿಳಿ, ನೆಲ ಬಿಳಿ, ಒರಗಿಸಿದ್ದ ಮುಚ್ಚಳಕ್ಕೂ ಬಿಳಿ ಬಳಿದಾಗಿತ್ತು. ನೆರಳಲ್ಲಿ ಕೂತವರಿಗೆ ಅಂಗಳ ಕಣ್ಣು ಕುಕ್ಕುತ್ತಿತ್ತು. ತೊಟ್ಟಿಯ ಬಾಯಿ ತೆರೆದಿದೆ ಎಂದು ಅಲ್ಲಿಂದ ಕಾಣುವಂತಿರಲಿಲ್ಲ.

ಮೇಲಿನಿಂದ ಕಾಣುತ್ತಿತ್ತು. ಕುಂಚ ಅದ್ದಲು ತಿರುಗಿದ ಸಾಲ್ಹಾಗೆ ಮೊದಲು ಆ ಕರಿ ಗುಂಡಿ ಕಂಡಿತು, ಆಮೇಲೆ ಅದರ ಕಡೆಗೆ ತಟಪಟ ನಡೆಯುತ್ತಿದ್ದ ಮಗು. ಮಗು ಕಟ್ಟೆಯ ಹತ್ತಿರ ಹೋಗಿ, ಎರಡೂ ಕೈ ಊರಿ, ಒಳಗೆ ಬಗ್ಗಿ “ಬಾಬಾ?” ಎಂದು ಅಪ್ಪನನ್ನು ಕರೆಯಿತು.

“ನೋಡ್ರೇ ನೋಡ್ರೇ, ಸೀದಿ ನೀರು ನೋಡೋಕೆ ಹೋದ!” ಎಂದಳು ಶೆಲ್ಬಿಯಾ. ಮೂವರೂ ನಕ್ಕರು. ನಗು ಕೇಳಿದ ಮಗು ಖುಷಿಯಾಗಿ ಒಂದು ಕಾಲನ್ನು ಕಟ್ಟೆಯ ಮೇಲಿಟ್ಟಿತು.

ಮೆಟ್ಟಿಲು ಮನೆಯ ಹಿಂದೆ. ಇಳಿದು, ಸುತ್ತಿಕೊಂಡು ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಸಾಲ್ಹಾ “ಬೇಡ” ಎಂದಳು. ನಗುವಿನ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಆಗ ಅವಳ ಹೊಟ್ಟೆಯ ಬುಡದಿಂದ, ಇಡೀ ಸಂಸಾರದಲ್ಲಿ ಒಮ್ಮೆಯೂ ಬಾರದ ಹೆಸರು ಹೊರಗೆ ಬಂತು.

“ಯೂನುಸ್!”

ಸೀದಿಯಿಲ್ಲ, ‘ಅವರು’ ಇಲ್ಲ, ಬರಿ ಯೂನುಸ್. ಬೀದಿಯ ಕೊನೆಯವರೆಗೂ ಕೇಳಿಸಿತು. ಮೂರು ಹೆಂಗಸರ ನಗು ಕತ್ತರಿಸಿದ ಹಾಗೆ ನಿಂತಿತು. ಶೆಲ್ಬಿಯಾಳ ಕೈಯಿಂದ ಚಹಾ ಚೆಲ್ಲಿತು. ಮಗು ತಲೆಯೆತ್ತಿ ತಾರಸಿಯ ಕಡೆ ನೋಡಿತು.

ಸಾಲ್ಹಾ ತಾರಸಿಯ ಅಂಚಿನಲ್ಲಿ ಮಂಡಿಯೂರಿದಳು. ಮುಖವನ್ನು ಅಗ್ಗಿಷ್ಟಿಕೆಯ ಮುಂದಿನ ಮುಖ ಮಾಡಿಕೊಂಡಳು. ಅದೇ ದನಿಯಲ್ಲಿ, ಒಂದೇ ಸಲ, “ಬೇಡ,” ಎಂದಳು.

ಮಗು ಅವಳನ್ನು ನೋಡಿತು. ಯಾರಾದರೂ ನಗುತ್ತಾರೇನೋ ಎಂದು ಕಮಾನಿನ ಕಡೆ ನೋಡಿತು. ಯಾರೂ ನಗಲಿಲ್ಲ. ಮತ್ತೆ ಅಜ್ಜಿಯನ್ನು ನೋಡಿತು. ಕಟ್ಟೆಯ ಮೇಲಿಟ್ಟ ಕಾಲನ್ನು ಕೆಳಗಿಳಿಸಿತು. ಎರಡು ಹೆಜ್ಜೆ ಹಿಂದೆ ಸರಿದು, ಸುಣ್ಣದ ನೆಲದ ಮೇಲೆ ಕುಕ್ಕರಿಸಿ, ಖರ್ಜೂರಕ್ಕಾಗಿ ಕೈ ಚಾಚಿತು.

ಅಡುಗೆಮನೆಯಿಂದ ಓಡಿಬಂದ ಉಲ್ಫಾ ಮಗುವನ್ನು ಬಾಚಿಕೊಂಡು, ತೊಟ್ಟಿಯ ತೆರೆದ ಬಾಯಿ ನೋಡಿ ಅಲ್ಲೇ ಕುಸಿದು ಅತ್ತಳು. ಸಾಲ್ಹಾ ಹಿಂದಿನ ಮೆಟ್ಟಿಲಿಳಿದು ಬಂದಳು. ಅವಳೂ ಉಲ್ಫಾಳೂ ಸೇರಿ ಮುಚ್ಚಳ ಎಳೆದು ಹಾಕಿದರು. ಆಮೇಲೆ ಶೆಲ್ಬಿಯಾ ಬಾಯಿ ತೆರೆದಳು. ಮಗುವಿಗೇನಾಯಿತು ಎಂದು ಕೇಳಿದಳೇ? ಇಲ್ಲ.

“ನನ್ನ ತಮ್ಮನ ಹೆಸರು!” ಎಂದಳು. “ತಾರಸಿ ಮೇಲೆ ನಿಂತು, ಕತ್ತೆ ಕರೆದ ಹಾಗೆ! ಪರರ ಮುಂದೆ! ಮಣ್ಣಲ್ಲಿ ಮಲಗಿರೋನಿಗೆ ಅವಮಾನ ಮಾಡಿದೆಯಲ್ಲೇ!”

“ಲಲ್ಲಾ, ಮಗು ಸಾಯ್ತಿತ್ತು.”

“ಮೆಲ್ಲಗೆ ಕರೆಯೋಕೆ ಏನಾಗಿತ್ತು ನಿನಗೆ?”

“ಮೆಲ್ಲಗೇ ಕರೆದೆ! ನಿಮ್ಮ ನಗು ಬಿಟ್ಟು ಏನೂ ಕೇಳಿಸ್ತಿರಲಿಲ್ಲ ಇಲ್ಲಿ!” ಸಾಲ್ಹಾಳ ದನಿ ಸೀಳಿತು. ಇನ್ನು ತಡೆಯುವುದು ಅವಳ ಕೈಯಲ್ಲಿರಲಿಲ್ಲ. “ಆ ಮಗೂಗೆ ಟ್ಚ್ ಅನ್ನೋದು ಕಲಿಸಿದ್ರಲ್ಲ, ನಿಲ್ಲು ಅಂದ್ರೆ ನಿಲ್ಲೋದು ಯಾರು ಕಲಿಸಬೇಕಿತ್ತು? ನಿಮ್ಮ ತಮ್ಮ ಇಷ್ಟಿದ್ದಾಗ ನೀವೂ ಹೀಗೇ ನಗ್ತಿದ್ರಿ ಅಲ್ವಾ? ಯಾರೂ ಒಂದು ಸಲ ಬೇಡ ಅನ್ನಲಿಲ್ಲ ಅವರಿಗೆ. ನೀವು ಮುದ್ದು ಮಾಡಿದ್ರಿ, ನಾನು ಅದರ ಜೊತೆ ಬಾಳಿದೆ. ನನ್ನ ಮಗಳ ಕೈ ನೋಡಿದ್ರಾ ನೀವು? ನೆಟ್ಟಗೆ ಒಂದು ದಿನ ನೋಡಿದ್ರಾ?”

ಶೆಲ್ಬಿಯಾಳ ಇಬ್ಬರು ಗೆಳತಿಯರು ಚಪ್ಪಲಿ ಮೆಟ್ಟಿ ಮೆಲ್ಲಗೆ ಜಾಗ ಖಾಲಿ ಮಾಡಿದರು. ಸಂಜೆಯೊಳಗೆ ಊರಿಗೆಲ್ಲ ಉಪ್ಪು ಖಾರ ಹಚ್ಚಿದ ಸುದ್ದಿ ಮುಟ್ಟಿತು. ತೊಟ್ಟಿಯ ಸುದ್ದಿಯಲ್ಲ, ಹೆಂಡತಿ ಗಂಡನ ಹೆಸರು ಹಿಡಿದು ಕೂಗಿದ ಸುದ್ದಿ.

ಫರ್ಹಾತ್ ಸುಣ್ಣದ ಚೀಲದೊಂದಿಗೆ ಮನೆಗೆ ಬಂದಾಗ ಎಲ್ಲ ಮುಗಿದಿತ್ತು. ವಿಷಯ ಕೇಳಿ ಮುಖ ಸುಣ್ಣವಾಯಿತು. ಮಗುವಿನ ಮೈಯೆಲ್ಲ ಸವರಿದ. ಆಮೇಲೆ ಊಟಕ್ಕೆ ಕೂತಾಗ ಅವನ ಕಣ್ಣು ಶೆಲ್ಬಿಯಾಳ ಕಡೆ ಹೋಯಿತು. ಅವಳು ಗೋಡೆಯ ಕಡೆ ಮುಖ ಮಾಡಿಕೊಂಡು, ಕುಸ್ಕುಸ್ ಮುಟ್ಟದೆ, ಕಣ್ಣೊರೆಸಿಕೊಳ್ಳುತ್ತಿದ್ದಳು. ಸೋದರತ್ತೆ ಮುನಿಸಿಕೊಂಡು ಎದ್ದುಹೋದರೆ ನಾಳೆ ಊರಲ್ಲಿ ತಲೆಯೆತ್ತಿ ತಿರುಗುವುದು ಕಷ್ಟ. ತಪ್ಪು ತನ್ನದೇ ಎನ್ನುವುದು ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ತಾಯಿಯ ಪಕ್ಕಕ್ಕೆ ಸರಿದು ಮೊಣಕೈ ಹಿಡಿದ.

“ಏಳಮ್ಮ. ಅತ್ತೆ ತಲೆಗೊಂದು ಮುತ್ತು ಕೊಟ್ಟು ತಪ್ಪಾಯ್ತು ಅಂದ್ಬಿಡು. ಹಿರಿಯರು ಅವರು. ಇಷ್ಟಕ್ಕೇ ಮುಗೀತದೆ.”

ಸಾಲ್ಹಾ ಮಗನನ್ನು ನೋಡಿದಳು. ಮೊಣಕೈಯ ಮೇಲಿದ್ದ ಅವನ ಕೈ ನೋಡಿದಳು.

“ಬೇಡ,” ಎಂದಳು.

ಕೂಗಲಿಲ್ಲ. ಅಗ್ಗಿಷ್ಟಿಕೆಯ ಮುಂದೆ ದಿನಾ ಹೇಳುವ ದನಿ, ಒಂದೇ ಸಲ. ಪರಾತದ ಆ ಬದಿಯಲ್ಲಿ ಹರೀಸಾ ಎಂಬ ಮೆಣಸಿನಕಾಯಿ ಖಾರದ ಬಟ್ಟಲಿಗೆ ಕೈ ಹಾಕಲು ಹೊರಟಿದ್ದ ಮಗು ಥಟ್ಟನೆ ಕೈ ಹಿಂದಕ್ಕೆಳೆದುಕೊಂಡು ಅಜ್ಜಿಯ ಮುಖ ನೋಡಿತು. ಫರ್ಹಾತ್ ಮಗನ ಕೈ ನೋಡಿದ. ತಾಯಿಯ ಮುಖ ನೋಡಿದ. ಮೊಣಕೈ ಬಿಟ್ಟ.

ಸಾಲ್ಹಾ ಮೊಮ್ಮಗನಿಗೆ “ಜಾಣ” ಎಂದು ಖರ್ಜೂರದ ಚೂರು ಕೊಟ್ಟಳು. ಮಗನಿಗೆ ಏನೂ ಕೊಡಲಿಲ್ಲ.

“ಊಟ ಆಮೇಲೆ ಮಾಡುವಂತೆ,” ಎಂದಳು. “ಮೊದಲು ಹೋಗಿ ತೊಟ್ಟಿ ಬಾಯಿ ಅಳತೆ ತಗೋ. ನಾಳೆ ಬೆಳಿಗ್ಗೆ ಕಮ್ಮಾರನ ಹತ್ರ ಹೋಗು. ಬೀಗದಕೈ ನನ್ನ ಸೊಂಟದಲ್ಲಿರ್ತದೆ. ದಾರಿಹೋಕ ಬಂದ್ರೆ ನಾನೇ ಎದ್ದು ನೀರು ಕೊಡ್ತೀನಿ.”

ಶೆಲ್ಬಿಯಾ ಗೋಡೆಯ ಕಡೆಯಿಂದ ತಿರುಗಿ, ಗದ್ದ ಮೇಲೆತ್ತಿ, ಟ್ಚ್ ಎಂದಳು. ಉಲ್ಫಾ ತಲೆ ತಗ್ಗಿಸಿ ಮಗುವಿನ ಕೈ ಒರೆಸುತ್ತಿದ್ದಳು. ಯಾರೂ ನಗಲಿಲ್ಲ. ಫರ್ಹಾತ್ ಎದ್ದು ಗೂಡಿನಲ್ಲಿ ಕೈಯಾಡಿಸಿ, ಅಳತೆಗೊಂದು ದಾರ ಹುಡುಕಿಕೊಂಡು ಅಂಗಳಕ್ಕಿಳಿದ.